ನಾನು ಹೇಳಿದ ಬಸ್ರಾ

ಶಫಿ ಸಾಹೇಬರೇ, ನಿಮ್ಮ ಮುತ್ತಜ್ಜ ಬಸ್ರಾದಲ್ಲಿ ತೀರಿಕೊಂಡರು ಎಂದು ನಾನು ಹೇಳಿದ್ದು ಸುಳ್ಳು. ಮರೆವಲ್ಲ, ತಪ್ಪು ತಿಳಿವಳಿಕೆಯೂ ಅಲ್ಲ — ಗೊತ್ತಿದ್ದೇ ಹೇಳಿದ ಸುಳ್ಳು.

ನೀವು ಆ ರಿವಾಲ್ವರನ್ನು ನನ್ನ ಮನೆಗೆ ತಂದ ದಿನ ನೆನಪಿರಬೇಕು. ಚುನಾವಣೆ ಮುಗಿದಿತ್ತು. ಚುನಾವಣೆಯ ನಿಯಮದಂತೆ ಠಾಣೆಯಲ್ಲಿ ಒಪ್ಪಿಸಿದ್ದನ್ನು ಬಿಡಿಸಿಕೊಂಡು, ನಿಮ್ಮ ಗಾದಿ ಅಂಗಡಿಯ ಅರಳೆಯಲ್ಲಿ ಸುತ್ತಿ, ಹರಿಹರದಿಂದ ನೇರ ದಾವಣಗೆರೆಗೆ ಬಂದಿದ್ದಿರಿ. ಗುಂಡು ಹಾರದ ಹಾಗೆ ಎಂದೋ ಮಾಡಿಸಿದ್ದ, ಆದರೂ ಲೈಸೆನ್ಸ್ ಮಾತ್ರ ತಪ್ಪದೆ ನವೀಕರಿಸುತ್ತ ಬಂದಿದ್ದ ಮುದಿ ರಿವಾಲ್ವರ್. ಮೊದಲ ಮಹಾಯುದ್ಧಕ್ಕೆ ಕುದುರೆ ದಂಡಿನಲ್ಲಿ ಹೋದ ನಿಮ್ಮ ತಾಯಿಯ ಅಜ್ಜ ತಿರುಗಿ ಬರಲಿಲ್ಲ. ಜೊತೆಗಾರರೊಬ್ಬರು ಇದೊಂದನ್ನು ಯಾರದೋ ಕೈಯಲ್ಲಿ ಮನೆಗೆ ಕಳಿಸಿದರು. ಎಲ್ಲಿ ಸತ್ತರು, ಎಲ್ಲಿ ಮಣ್ಣು ಮಾಡಿದರು — ಯಾರಿಗೂ ಗೊತ್ತಿರಲಿಲ್ಲ.

"ಅಮ್ಮೀಗೆ ವಯಸ್ಸಾತ್ರಿ ಮೇಷ್ಟ್ರೇ. ಅವ್ರ ಅಜ್ಜ ಎಲ್ಲಿ ಮಲಗ್ಯಾರಂತ ಒಂದು ಮಾತು ಗೊತ್ತಾದ್ರೆ ಸಾಕು," ಎಂದಿರಿ.

ಹಿಡಿಯ ಹಿಂಭಾಗದಲ್ಲಿ, ತುಕ್ಕಿನೊಳಗೆ, ಕೆಲವು ಅಕ್ಷರಗಳೂ ಅಂಕಿಗಳೂ ಇದ್ದವು. ಅದು ರೆಜಿಮೆಂಟಿನ ಗುರುತು, ರೆಜಿಮೆಂಟ್ ತಿಳಿದರೆ ಅವರು ಎಲ್ಲಿ ಕಾದಿದರು ಎಂದು ಹುಡುಕಬಹುದು — ಹೀಗೆಲ್ಲ ನಾನೇ ವಿವರಿಸಿದೆ, ಇತಿಹಾಸ ಪಾಠ ಮಾಡಿದವನ ಗತ್ತಿನಲ್ಲಿ. ನಿಧಾನವಾಗಿ ಓದೋಣ ಎಂದು ಕಪಾಟಿನಲ್ಲಿಟ್ಟೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಗುತ್ತೂರಿನ ಹತ್ತಿರ ಸಣ್ಣ ಕಾರ್ಖಾನೆ ಇಟ್ಟಿದ್ದ ನನ್ನ ಹಳೆಯ ಶಿಷ್ಯ ಪೂಜೆಗೆ ನನ್ನನ್ನು ಅತಿಥಿಯಾಗಿ ಕರೆದ. ಅವತ್ತು ಸ್ಪ್ಯಾನರಿನಿಂದ ಹಿಡಿದು ಸುತ್ತಿಗೆಯವರೆಗೆ ಎಲ್ಲವನ್ನೂ ಉಜ್ಜಿ ಹೊಳೆಯಿಸಿ, ಕುಂಕುಮವಿಟ್ಟು ಸಾಲಾಗಿ ಇಡುವುದು ನಮ್ಮ ಪದ್ಧತಿಯಲ್ಲವೇ. ಆ ಸಾಲಿನ ನಡುವೆ ನಿಜವಾದ ಆಯುಧವೊಂದನ್ನಿಟ್ಟು ಭಾಷಣ ಬಿಗಿಯುವ ಚಪಲ ನನಗೆ. ನಿಮ್ಮನ್ನು ಒಂದು ಮಾತು ಕೇಳಲಿಲ್ಲ. ತುಕ್ಕು ಹಿಡಿದದ್ದನ್ನು ದೇವರ ಮುಂದೆ ಹೇಗಿಡುವುದು ಎಂದು, "ಸ್ವಲ್ಪ ಮೆಷಿನ್ನಿಗೆ ಹಿಡಿದು ಬಫ್ ಹೊಡಿಯಪ್ಪಾ, ಹೊಳೀಲಿ," ಎಂದು ನಾನೇ ಶಿಷ್ಯನ ಕೈಗೆ ಕೊಟ್ಟೆ. ಗುರುತಿನ ಒಂದು ಫೋಟೋ ತೆಗೆದುಕೊಳ್ಳುವ ಬುದ್ಧಿಯೂ ಬರಲಿಲ್ಲ — ಹೊಳೆದ ಮೇಲೆ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದುಕೊಂಡೆ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ರಿವಾಲ್ವರ್ ಸ್ಟೀಲ್ ಲೋಟದಂತೆ ಥಳಥಳಿಸುತ್ತ ಬಂತು. ಹಿಡಿಯ ಹಿಂದೆ ಬೆರಳಾಡಿಸಿದೆ. ಒಂದು ಅಕ್ಷರವಿಲ್ಲ, ಒಂದು ಗೆರೆಯೂ ಇಲ್ಲ. ಹಾಗಿದ್ದೂ ಅವತ್ತು ಭಾಷಣ ಮಾಡಿದೆ — ಚಪ್ಪಾಳೆಯನ್ನೂ ತಗೊಂಡೆ.

ಆಮೇಲೆ ನಿಮ್ಮ ಮನೆಗೆ ಬಂದೆನಲ್ಲ. ನೀವು ಅದನ್ನು ಕೈಗೆತ್ತಿಕೊಂಡು, ಆ ಜಾಗವನ್ನು ಹೆಬ್ಬೆರಳಿನಿಂದ ಸವರಿ, "ಅಳಿಸಿ ಹೋಗೇತಲ್ರಿ," ಎಂದಿರಿ. ತಪ್ಪಾಯಿತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನೀವು ಬೈಯುವವರೂ ಅಲ್ಲ. ಆದರೆ ಮೇಷ್ಟ್ರು ದಡ್ಡ ಎನ್ನಿಸಿಕೊಳ್ಳುವುದು ನನ್ನಿಂದ ಆಗಲಿಲ್ಲ.

"ಅದಕ್ಕೆ ಮುಂಚೆಯೇ ಓದಿಕೊಂಡಿದ್ದೀನಿ," ಎಂದೆ.

"ನೀವು ಓದೀರಂದ್ರೆ ಸಾಕು ಬಿಡ್ರಿ."

ಸಾಕು ಬಿಡ್ರಿ — ಆ ಮಾತು ಇವತ್ತಿಗೂ... ಎಂದೋ ಪುಸ್ತಕದಲ್ಲಿ ಕಂಡಿದ್ದ ಯಾವುದೋ ರೆಜಿಮೆಂಟಿನ ಹೆಸರು ಹೇಳಿದೆ. ಎಲ್ಲಿ ಎಂದು ಕೇಳಿದಿರಿ. ಬಸ್ರಾ ಎಂದೆ. ನಿಮ್ಮ ಅಮ್ಮೀ ಮಂಚದ ಮೇಲೆಯೇ ಎದ್ದು ಕೂತು, ತಲೆಗೆ ಸೆರಗೆಳೆದುಕೊಂಡು, ಎರಡೂ ಕೈಯೆತ್ತಿ ಅಜ್ಜನ ಆತ್ಮಶಾಂತಿಗೆ ಫಾತಿಹಾ ಓದಿದರು. ಮುಗಿಸಿ ನನ್ನನ್ನು ಹತ್ತಿರ ಕರೆದು ತಲೆ ಸವರಿದರು. ನಾನು ತಲೆ ಬಗ್ಗಿಸಿ ಸವರಿಸಿಕೊಂಡೆ. ಅದನ್ನೇ ನಿಜವೆಂದು ನಂಬಿ ಅವರು ತೀರಿಕೊಂಡರು. ನನಗೆ ಇದಕ್ಕಿಂತ ನಾಚಿಕೆಯ ನೆನಪು ಇನ್ನೊಂದಿಲ್ಲ.

ಇಷ್ಟಾದರೂ ಬಾಯಿ ಬಿಡುತ್ತಿರಲಿಲ್ಲವೇನೋ. ಮೊನ್ನೆ ನೀವು ಪಾಸ್‌ಪೋರ್ಟ್ ಹಿಡಿದು, ಆ ಮಂಡಿನೋವಿನಲ್ಲಿ ನನ್ನ ಮನೆಯ ಮೆಟ್ಟಿಲು ಹತ್ತಿ ಬಂದಿರಿ.

"ಬಸ್ರಾಕ್ಕೆ ಹೊಂಟೀನ್ರಿ. ಅಮ್ಮೀ ಹೆಸ್ರಲ್ಲಿ ಅಲ್ಲಿ ನಿಂತು ಒಂದು ಫಾತಿಹಾ ಓದಿ ಬರ್ತೀನಿ. ನೀವೂ ಬರ್ರಿ ಮೇಷ್ಟ್ರೇ, ಜಾಗ ಹುಡುಕಿ ಕೊಟ್ಟೋರು ನೀವೇ ಅಲ್ಲೇನ್ರಿ."

ಆಗಲೂ ಹೇಳಲಿಲ್ಲ. ನೋಡೋಣ ಎಂದೆ, ಚಹಾ ಕುಡಿಸಿ ಕಳಿಸಿದೆ.

ನಾಳೆ ಬೆಳಿಗ್ಗೆ ಹರಿಹರಕ್ಕೆ ಬರುತ್ತೇನೆ. ಎದುರಿಗೆ ನಿಂತರೆ ನಾಲಿಗೆ ಮತ್ತೆ ಹೊರಳೀತು ಎಂಬ ಭಯಕ್ಕೆ ಇದನ್ನು ಬರೆದುಕೊಂಡಿದ್ದೇನೆ. ನಿಮ್ಮ ಮುಂದೆಯೇ ಓದುತ್ತೇನೆ. ಬಸ್ರಾಕ್ಕೆ ಹೋಗಬೇಡಿ ಸಾಹೇಬರೇ. ನಿಮ್ಮ ಮುತ್ತಜ್ಜ ಎಲ್ಲಿ ಮಲಗಿದ್ದಾರೋ ನನಗೆ ಗೊತ್ತಿಲ್ಲ. ಗೊತ್ತಾಗಲು ನಿಮ್ಮ ಮನೆಯಲ್ಲಿ ಉಳಿದಿದ್ದ ಒಂದೇ ದಾರಿಯನ್ನು ಅಳಿಸಿಹಾಕಿದವನು ನಾನು. ನಿಮ್ಮ ಅಮ್ಮೀಯ ಗೋರಿಯ ಮುಂದೆಯೂ ಇದನ್ನೇ ಹೇಳಬೇಕಾಗಿದೆ. ಅಲ್ಲಿಗೆ ನನ್ನನ್ನು ಕರೆದುಕೊಂಡು ಹೋಗುವುದು, ಬಿಡುವುದು ನಿಮಗೆ ಬಿಟ್ಟದ್ದು.