ದಾದಿಮಾಳ ಹೆಬ್ಬೆರಳಿನ ಹಿಟ್ಟು

ಇವತ್ತು ಮೊಮ್ಮಗಳು ನಮಾಜಿಗೆ ಮುಂಚೆ ಕೈಕಾಲು ತೊಳೆದು ವುಜೂ ಮಾಡಲು ಹೊರಟವಳು, ಉಗುರಿನ ಬಣ್ಣ ಉಜ್ಜಿ ತೆಗೆಯುತ್ತ ಕೂತಿದ್ದಳು. ಆ ಘಾಟಿಗೆ ಮೂಗು ಮುಚ್ಚಿಕೊಂಡೆ.

"ಬಣ್ಣ ಇದ್ರೆ ಉಗುರಿಗೆ ನೀರು ತಾಗಲ್ಲ ನಾನಿ. ವುಜೂನೂ ಆಗಲ್ಲ, ನಮಾಜೂ ಆಗಲ್ಲ."

"ನನಗೇ ಪಾಠ ಹೇಳ್ತೀಯೇನೇ?" ಅಂದವಳಿಗೆ ಇನ್ನೊಂದು ಉಗುರು ನೆನಪಾಯಿತು.

ನಾನು ಚಿಕ್ಕವಳಿದ್ದಾಗ ಭದ್ರಾವತಿಯಲ್ಲಿ ನನ್ನ ದಾದಿಮಾಗೆ, ಅಪ್ಪನ ತಾಯಿಗೆ, ಕಣ್ಣು ಮಂಜಾಗಿತ್ತು. ರೊಟ್ಟಿಯ ಹಿಟ್ಟು ನಾದಿ, ಕೈ ತೊಳೆದು, ವುಜೂಗೆ ಮುಂಚೆ ಹತ್ತೂ ಬೆರಳು ನನ್ನ ಮುಂದೆ ಚಾಚುತ್ತಿದ್ದಳು. "ಉಗುರಲ್ಲಿ ಹಿಟ್ಟು ಒಣಗಿದೆಯಾ ನೋಡೇ. ಕೋತಿ ಥರ ಕುಣೀಬೇಡ, ಸರಿಯಾಗಿ ನೋಡು ಮಾರಾಯ್ತಿ."

ಒಂದು ದಿನ ಗೆಳತಿಯರು ಕುಂಟೆಬಿಲ್ಲೆಗೆ ಕೂಗುತ್ತಿದ್ದರು. ನೋಡದೆಯೇ "ಏನೂ ಇಲ್ಲ" ಎಂದು ಓಡಿದೆ. ಆಡಿ ಬಂದಾಗ ದಾದಿಮಾ ನಮಾಜು ಮುಗಿಸಿ ನನ್ನ ಕೆನ್ನೆ ಸವರಿದಳು. ಅವಳ ಹೆಬ್ಬೆರಳ ಉಗುರಿನ ಮೇಲೆ ಹಿಟ್ಟು ಒಣಗಿ ಕೂತಿತ್ತು. ಹೇಳಿದ್ದರೆ ಮತ್ತೆ ವುಜೂ ಮಾಡಿ ನಮಾಜಿಗೆ ನಿಲ್ಲುತ್ತಿದ್ದಳು, ಅಷ್ಟೇ. ಬೈಗುಳಕ್ಕೆ ಹೆದರಿ ಸುಮ್ಮನಿದ್ದೆ. ಊರಿಗೆಲ್ಲ ಬಾಯಿ ಜೋರು ಮಾಡುವ ನಾನು ಆ ಒಂದು ಮಾತನ್ನು ಅವಳು ಸಾಯುವವರೆಗೂ ಆಡಲಿಲ್ಲ.

ಇವತ್ತೂ ನಮಾಜು ಮುಗಿಸಿ ದುವಾಗೆ ಕೈ ಎತ್ತಿ, ದಿನಾ ಬೇಡುವುದನ್ನೇ ಅಲ್ಲಾಹನಿಗೆ ಹೇಳಿದೆ: ಆ ನಮಾಜಿನ ವಿಷಯ ಅವಳನ್ನು ಕೇಳಬೇಡ. ಅವಳು ನನ್ನನ್ನು ಕೇಳಿಯೇ ನಮಾಜಿಗೆ ನಿಂತಿದ್ದಳು. ನನ್ನನ್ನು ಕೇಳು.