ಜಗಲಿಯ ಮೇಲೆ ಯಾರ ಮನೆ?

ಎರಡನೇ ಮಹಾಯುದ್ಧ ಶುರುವಾಗುವ ಮೊದಲಿನ ಮಾತು. ಹತ್ತಿ ಗಿರಣಿಯ ಯಂತ್ರಗಳ ಕೆಲಸ ಕಲಿಯಲು ನಾನು ಆರು ತಿಂಗಳು ಇಟಲಿಯ ಮಿಲಾನಿನಲ್ಲಿ ಇರಬೇಕಾಗಿತ್ತು. ಅಲ್ಲೊಂದು ನಾಲ್ಕಂತಸ್ತಿನ ಕಟ್ಟಡದ ನಡುವಿನ ಒಂದು ಅಂತಸ್ತಿನಲ್ಲಿ ಬಾಡಿಗೆ ಮನೆ ನಿಗದಿಯಾಗಿತ್ತು. ನಮ್ಮೂರು ಹಂಸಭಾವಿಗೆ ಬಂದು ಅವ್ವನಿಗೆ ಹೇಳಿದ್ದೇ ತಪ್ಪಾಯಿತು.

“ನಿನ್ನ ಮ್ಯಾಲಿನ ಮನ್ಯಾಗ ಯಾರಿರ್ತಾರ?”

“ಯಾರೋ ಬಾಡಿಗಿಯವ್ರು ಬೇ.”

“ಹಂಗಂದ್ರ ನಿನ್ನ ದೇವರ ಜಗಲಿ ಮ್ಯಾಲ ಅವರ ಬಚ್ಚಲ ಬರ್ತೈತೇನು? ಅಂಥಾ ಮನ್ಯಾಗ ಇರೂದಾದ್ರ ನೀ ಹೋಗೂದ ಬ್ಯಾಡ.”

ರಮಿಸಿದೆ, ರೇಗಿದೆ, ಕಡೆಗೆ ನೆಲದ ಮೇಲೆ ಇದ್ದಲಿಯಿಂದ ಮನೆಯ ನಕ್ಷೆ ಬರೆದೆ. ಅವ್ವ ಅದರಲ್ಲೂ ಬಚ್ಚಲನ್ನೇ ಹುಡುಕಿದಳು. ತಲೆ ಕೆಟ್ಟು, ಆ ಮನೆ ಬಿಟ್ಟು ಮೇಲೆ ಯಾರೂ ಇರದ ತುತ್ತತುದಿಯ ಅಂತಸ್ತಿನ ಮನೆ ಹಿಡಿದೆ.

ಹೋಗಿ ವಾರವಾಗಿರಲಿಲ್ಲ, ಕೆಳಗಿನ ಮನೆಯ ಮುದುಕಿ ಬಂದು ಬಾಗಿಲು ಬಡಿದಳು. ಅವಳ ಮಾತು ನನಗೆ ತಿಳಿಯಲಿಲ್ಲ. ನನ್ನ ರಟ್ಟೆ ಹಿಡಿದು ಕೆಳಗೆ ಎಳೆದೊಯ್ದು, ಗೋಡೆಯ ಗೂಡಿನಲ್ಲಿದ್ದ ಮೇರಿಯ ಮೂರ್ತಿ ತೋರಿಸಿದಳು, ಆಮೇಲೆ ಛಾವಣಿ ತೋರಿಸಿದಳು, ಆಮೇಲೆ ನನ್ನ ಬೂಟು.

ಉಳಿದ ದಿನಗಳನ್ನೆಲ್ಲ ಆ ಮನೆಯ ಥಂಡಿಯಲ್ಲಿ ಬರಿಗಾಲಲ್ಲೇ ಕಳೆದೆ. ಊರಿಗೆ ಬಂದು ಇದನ್ನು ಹೇಳಿದಾಗ ಅವ್ವ ನನ್ನ ಮೇಲೆಯೇ ಹರಿಹಾಯ್ದಳು.

“ಆಕಿ ದೇವರ ತಲಿ ಮ್ಯಾಲ ಬೂಟ ಹಾಕ್ಕೊಂಡ ಅಡ್ಡಾಡಿದ್ಯಾ? ಯಾಕ, ಕೆಳಗಿನ ಮನಿ ಸಿಗಲಿಲ್ಲೇನು ನಿನಗ?”