ಮುಳುಗಿದ ಟಗ್ಗಿನ ಸಂಕೇತ

ಇಂಥ ಸಂಗತಿ ಹೇಳುವವರನ್ನು ಕಂಡರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೇ. ಧಾರವಾಡದ ನೆಂಟರು ಊಟವಾದ ಮೇಲೆ ಯಾರದೋ ಮೈಮೇಲೆ ಏನೋ ಬಂದ ಕತೆ ತೆಗೆದರೆ, ಎಲೆ ಅಡಿಕೆ ತಟ್ಟೆಯನ್ನು ಅವರ ಮುಂದೆ ತಳ್ಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನಗುವವರು ನಗಲಿ.

ನಾನು ಪುಣೆಯ ವಿಮಾನ ನಗರದಲ್ಲಿ ಕೆಲಸ ಮಾಡುವವನು. ಸಮುದ್ರ ಇಲ್ಲಿಂದ ದೂರ, ಆದರೆ ನಮ್ಮ ಹೊಟ್ಟೆಪಾಡೆಲ್ಲ ಸಮುದ್ರದ್ದೇ. ಹಡಗುಗಳು ಕಳಿಸುವ ಸಂಕೇತ ನಮ್ಮ ಪರದೆಗೆ ಬರುತ್ತದೆ. ಯಾವ ಹಡಗು ಎಲ್ಲಿದೆ ಎಂದು ನೋಡಿ ವಿಮಾ ಕಂಪನಿಗಳಿಗೆ ವರದಿ ಕೊಡುತ್ತೇವೆ. ಎ.ಸಿ. ಕೋಣೆಯಲ್ಲಿ ಚಹಾ ಕುಡಿಯುತ್ತ ಕೂತವನಿಗೆ ಹಡಗೆಂದರೆ ಒಂದು ಹಸಿರು ತ್ರಿಕೋನ, ಅಷ್ಟೇ. ಮಳೆಗಾಲದಲ್ಲಿ ಸಂಕೇತ ತಪ್ಪುವುದು, ಮತ್ತೆ ಬರುವುದು ನಡೆದೇ ಇರುತ್ತದೆ. ಪ್ರತಿ ಸಲವೂ ಗಂಟೆ ಬಾರಿಸಿ ಒಂದು ಚೌಕ ತೆರೆದುಕೊಳ್ಳುತ್ತದೆ. ‘ನೋಡಿದೆ’ ಎಂದು ಒತ್ತಿದರೆ ಸುಮ್ಮನಾಗುತ್ತದೆ. ನೋಡದೆಯೇ ಒತ್ತುತ್ತೇವೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ, ಮಳೆಗಾಲದಲ್ಲಿ, ದೊಡ್ಡ ಹಡಗುಗಳನ್ನು ಎಳೆಯುವ ಚಿಕ್ಕ ಟಗ್ ಒಂದು ಮುಂಬಯಿಯಾಚೆ ಮುಳುಗಿತು. ಅದರ ಎಂಜಿನ್ ನೋಡಿಕೊಳ್ಳುತ್ತಿದ್ದ ಅರವಿಂದ ಪುಣೆಯ ನಿಗಡಿಯಲ್ಲಿ ನಮ್ಮ ಎದುರು ಮನೆಯವನು. ಐವರಲ್ಲಿ ನಾಲ್ವರ ಹೆಣ ಸಿಕ್ಕವು, ಅವನದು ಸಿಗಲಿಲ್ಲ. ಹುಡುಕುವವರು ಒಂದು ವಾರ ಹುಡುಕಿ ಕೈಚೆಲ್ಲಿದರು. ಕೊನೆಗೆ ಅಲ್ಲಿ ಉಳಿದದ್ದು ಟಗ್ಗನ್ನು ಮೇಲೆತ್ತಲು ಬಂದಿದ್ದ ಒಂದು ಸಪೋರ್ಟ್ ಹಡಗು ಮಾತ್ರ. ಕ್ರೇನು, ನೀರಿಗಿಳಿಯುವ ಡೈವರುಗಳು ಎಲ್ಲ ಅದರಲ್ಲಿದ್ದರು. ಆದರೆ ಅವರಿಗೆ ಒಪ್ಪಿಸಿದ್ದು ಕಬ್ಬಿಣ ಎತ್ತುವ ಕೆಲಸ, ಮನುಷ್ಯರನ್ನು ಹುಡುಕುವುದಲ್ಲ. ಆ ಹಡಗಿನ ಮೇಲೆ ಕಣ್ಣಿಡುವುದು ನನ್ನ ಪಾಲಿಗೆ ಬಂತು.

ಅರವಿಂದನ ಹೆಂಡತಿ ಸುನಂದಾ, ನಾನು ವೈನಿ ಅಂದರೆ ಅತ್ತಿಗೆ ಎಂದು ಕರೆಯುವವರು, ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದರು. ಹೆಣ ಸಿಗದಿದ್ದರೆ ಸತ್ತನೆಂಬ ಕಾಗದಕ್ಕೆ ಏಳು ವರ್ಷ ಕಾಯಬೇಕೆಂದು ವಕೀಲರು ಹೇಳಿದ್ದರಂತೆ. ಅವರ ಅತ್ತೆಯದು ಇನ್ನೊಂದು ಬಗೆ. ಕಣ್ಣಾರೆ ಕಾಣುವ ತನಕ ನನ್ನ ಮಗ ಬದುಕಿದ್ದಾನೆ ಎಂದು ಹಟ ಹಿಡಿದು, ಸೊಸೆಯ ಕೈಲಿ ದಿನಾ ಮಗನ ತಟ್ಟೆಗೂ ಅನ್ನ ಹಾಕಿಸುತ್ತಿದ್ದರು. ಆಮೇಲೆ ಆ ಅನ್ನವನ್ನು ಸೊಸೆಯೇ ಉಣ್ಣಬೇಕು.

ಟಗ್ ಮೇಲೆದ್ದ ದಿನ ಮಧ್ಯಾಹ್ನ ವೈನಿ ನೇರವಾಗಿ ನಮ್ಮ ಆಫೀಸಿಗೇ ಬಂದುಬಿಟ್ಟರು. ಸಂಜೆಗೆ ಹಡಗು ಹೊರಡುತ್ತದೆ ಎಂದು ಬೆಳಿಗ್ಗೆ ನಾನೇ ಬಾಯಿತಪ್ಪಿ ಹೇಳಿದ್ದೆ. ಹೊರಗಿನವರನ್ನು ಒಳಗೆ ಬಿಡುವಂತಿಲ್ಲ. ಆದರೂ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಟ್ಟೆ. ಅವರು ಬಹಳ ಹೊತ್ತು ಪರದೆ ನೋಡಿದರು. ಆಮೇಲೆ ಹಡಗಿದ್ದ ಜಾಗ ಬಿಟ್ಟು ಕೆಳಗೆ, ಏನೂ ಇಲ್ಲದ ನೀಲಿಯ ಮೇಲೆ ಬೆರಳಿಟ್ಟರು.

“ಇಲ್ಲೆ ಇದ್ದಾರ ನೋಡ್ರಿ ಅವರು. ಇಲ್ಲೊಮ್ಮೆ ಹುಡುಕ್ಲಿಕ್ಕೆ ಹೇಳ್ರಿ.”

“ವೈನಿ, ಅದು ಮೂರು ಮೈಲು ದೂರ ಅದರಿ. ನಿಮಗ ಹೆಂಗ ಗೊತ್ತಾತು?”

“ಅದೆಲ್ಲಾ ನನಗ ತಿಳಿಯಂಗಿಲ್ರಿ. ಒಂದ ಸಲ ಹೇಳ್ರಿ, ಸಾಕು.”

ಅವರು ಬೆರಳು ತೆಗೆದದ್ದೇ ತಡ, ಅದೇ ಜಾಗದಲ್ಲಿ ಹಸಿರು ತ್ರಿಕೋನ ಮಿಂಚಿತು. ಗಂಟೆ ಬಾರಿಸಿತು. ಚೌಕದಲ್ಲಿ ಆ ಟಗ್ಗಿನ ಹೆಸರೇ ಇತ್ತು, ನಾನು ಸ್ಪಷ್ಟವಾಗಿ ಓದಿದೆ. ಆ ಹೊತ್ತಿಗೆ ಟಗ್ ಮೂರು ಮೈಲು ಆಚೆ ಕ್ರೇನಿಗೆ ನೇತಾಡುತ್ತಿತ್ತು. ಸಂಕೇತ ಕಳಿಸುವ ಅದರ ಪೆಟ್ಟಿಗೆಯನ್ನು ಡೈವರುಗಳು ಎರಡು ದಿನ ಮೊದಲೇ ಬಿಚ್ಚಿ ತಂದು ಚೀಲದಲ್ಲಿ ಮುದ್ರೆ ಹಾಕಿಟ್ಟಿದ್ದರು. ಇದೆಲ್ಲ ತಲೆಗೆ ಹೊಳೆಯುವಷ್ಟರಲ್ಲಿ ನನ್ನ ಕೈ ತನ್ನ ಪಾಡಿಗೆ ‘ನೋಡಿದೆ’ ಒತ್ತಿತ್ತು. ತ್ರಿಕೋನ ಮಾಯವಾಯಿತು.

“ಕೋಣ್ ಆಹೇತ್ ಹ್ಯಾ?” ಯಾರಿವರು ಎಂದು ಹಿಂದಿನಿಂದ ನಮ್ಮ ಸಾಹೇಬರ ದನಿ. ಎದ್ದು ನಿಂತೆ. ನೆರೆಯವರು, ಈಗಲೇ ಹೊರಡುತ್ತಾರೆ ಎಂದು ಮರಾಠಿಯಲ್ಲಿ ತೊದಲಿದೆ. ವೈನಿ ಚೀಲ ಎತ್ತಿಕೊಂಡು ನಡೆದರು.

ಹಡಗಿನ ಕಪ್ತಾನರಿಗೆ ಒಂದು ಸಂದೇಶ ಕಳಿಸಲು ನನಗೆ ಎರಡು ನಿಮಿಷ ಸಾಕಿತ್ತು. ಡೈವರುಗಳು ಇನ್ನೂ ಅಲ್ಲೇ ಇದ್ದರು. ಹಿಂದೊಮ್ಮೆ ಸುಳ್ಳು ಎಚ್ಚರಿಕೆ ಕಳಿಸಿದವನ ಕುರ್ಚಿ ಮರುದಿನವೇ ಖಾಲಿಯಾಗಿತ್ತು. ನನಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳಬೇಕೆಂದರೆ, ನಾಚಿಕೆಯಾಯಿತು. ಹೆಂಗಸೊಬ್ಬಳು ಬೆರಳು ತೋರಿಸಿದಳೆಂದು ವರದಿಯಲ್ಲಿ ಬರೆಯಲೇ? ಐದು ಗಂಟೆಗೆ ಹಡಗು ಟಗ್ಗನ್ನು ಹೊತ್ತು ಉತ್ತರಕ್ಕೆ ತಿರುಗಿತು. ಕೆಲಸ ಮುಗಿಯಿತು ಎಂದು ಬರೆದು ನಾನು ಮನೆಗೆ ಹೋದೆ.

ಮರುದಿನ ಯಂತ್ರದ ದಾಖಲೆ ತೆಗೆದು ನೋಡಿದೆ. ಆ ಹೊತ್ತಿನಲ್ಲಿ ಯಾವ ಸಂಕೇತವೂ ಬಂದಿರಲಿಲ್ಲ, ಗಂಟೆಯೂ ಬಾರಿಸಿರಲಿಲ್ಲ. ಆದರೆ ನನ್ನ ಹೆಸರಿನ ಮುಂದೆ ‘ನೋಡಿದೆ’ ಎಂದು ಮಾತ್ರ ಇತ್ತು, ಗಂಟೆ ನಿಮಿಷದ ಸಮೇತ. ಬಾರದ ಸಂಕೇತವನ್ನು ನೋಡಿದೆ ಎಂದು ಒತ್ತಲು ಆ ಯಂತ್ರ ಬಿಡುವುದೇ ಇಲ್ಲ. ಬಲ್ಲವರನ್ನು ಸುತ್ತುಬಳಸಿ ಕೇಳಿದೆ, ಅವರೂ ತಲೆ ಕೆರೆದುಕೊಂಡರು.

ಮುಂದೆ ದೀಪಾವಳಿಯ ಹೊತ್ತಿಗೆ ನಮ್ಮ ಮನೆಯ ಕಟ್ಟಡದ ಲಿಫ್ಟಿನಲ್ಲಿ ವೈನಿ ಒಬ್ಬರೇ ಸಿಕ್ಕರು. ಹಣೆಯಲ್ಲಿ ಅತ್ತೆ ಹಚ್ಚಿಸಿದ ಕುಂಕುಮವಿತ್ತು.

“ಅವತ್ತ ನಾ ಬೆರಳಿಟ್ಟಲ್ಲೆ ಏನೋ ಹಸರ ಮಿಂಚ್ತಲ್ರಿ, ಏನ್ರಿ ಅದು?”

ಅವರಿಗೂ ಕಂಡಿತ್ತು. ಕಣ್ಣಿನ ಭ್ರಮೆ ಎಂದು ಅಷ್ಟು ದಿನ ನನಗೆ ನಾನೇ ಹೇಳಿಕೊಂಡದ್ದು ಅಲ್ಲಿಗೆ ಮುಗಿಯಿತು.

“ಏನಿಲ್ರಿ ವೈನಿ,” ಎಂದೆ. “ಮಿಷನ್ನು ಒಮ್ಮೊಮ್ಮೆ ಹಂಗ ಮಾಡ್ತದ.”

“ಹೌದೇನ್ರಿ. ಮತ್ತ ನೀವು ಹಡಗಿನವರಿಗೆ ಹೇಳಿದ್ರಲ್ಲಾ, ಅಲ್ಲೆ ಹುಡುಕ್ರಿ ಅಂತ?”

ಹೇಳಿದೆ ಎಂದೆ.

“ಭಾಳ ಉಪಕಾರ ಆತ್ರಿ,” ಎಂದು ಅವರು ಕೈಮುಗಿದರು.

ಅದೇನು ಮಿಂಚಿತೋ ನನಗೆ ಇವತ್ತಿಗೂ ತಿಳಿದಿಲ್ಲ. ಅಲ್ಲಿ ಅವನಿದ್ದನೋ ಇಲ್ಲವೋ, ಅದೂ ತಿಳಿದಿಲ್ಲ. ಏಳು ವರ್ಷ ತುಂಬಲು ಇನ್ನೂ ಎರಡು ವರ್ಷವಿದೆ.